ಅಂತರ್ಯುದ್ಧಕಾಲದ ಒಬ್ಬ ಶಿಕ್ಷಕಿಯ ಕುಟುಂಬಪತ್ರಗಳು: ಮಳಗಿಯ ಹತ್ತಿದಾರಿಯಿಂದ ಒಂದು ಅವಲೋಕನ

೧

ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡ ತಾಲೂಕಿಗೆ ಸೇರಿದ ಮಳಗಿಯು ಬಯಲುಸೀಮೆಗೂ ಮಲೆನಾಡಿಗೂ ನಡುವೆ ಇರುವ ಊರು. ಧರ್ಮಾ ನದಿಗೆ ಕಟ್ಟಿದ ಜಲಾಶಯದಿಂದ ಇಂದು ಅದರ ಹೆಸರು ಹೆಚ್ಚು ಪರಿಚಿತವಾಗಿದೆ. ಆದರೆ ಇತಿಹಾಸದ ಅಭ್ಯಾಸಿಗೆ ಈ ಊರು ಮುಖ್ಯವೆನಿಸುವುದು ಅದು ನಿಂತಿರುವ ದಾರಿಯ ಕಾರಣದಿಂದ. ಶಿರಸಿಯಿಂದ ಮುಂಡಗೋಡದ ಮೇಲೆ ಹುಬ್ಬಳ್ಳಿಗೆ ಹೋಗುವ ರಸ್ತೆಯು ಮಳಗಿಯನ್ನು ಹಾದು ಹೋಗುತ್ತದೆ. ಪೂರ್ವಕ್ಕೆ ಧಾರವಾಡ ಸೀಮೆಯ ಎರೆನೆಲ. ಪಶ್ಚಿಮಕ್ಕೆ ದೇವಿಮನೆ ಘಟ್ಟ. ಘಟ್ಟದ ಕೆಳಗೆ ಕುಮಟಾ ಬಂದರ. ಇವುಗಳ ನಡುವಣ ಕಾಡುಸೀಮೆಯ ಹಾದಿಗಳನ್ನು ಹಿಡಿದೇ ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡದ ಹತ್ತಿಯು ಸಮುದ್ರವನ್ನು ಮುಟ್ಟುತ್ತಿತ್ತು. ಎರೆನೆಲದಲ್ಲಿ ಬೆಳೆದ ಜವಾರಿ ಹತ್ತಿಗೆ ಮುಂಬಯಿ ಮತ್ತು ಲಿವರ್‌ಪೂಲಿನ ಪೇಟೆಗಳಲ್ಲಿ ‘ಕುಮಟಾ’ ಎಂಬ ಹೆಸರೇ ನಿಂತುಬಿಟ್ಟಿತು. ಬೆಳೆದ ನೆಲದ ಹೆಸರು ಮರೆಯಾಗಿ, ಹಡಗು ಹತ್ತಿದ ಬಂದರದ ಹೆಸರು ಉಳಿದುದು ದಾರಿಯ ಮಹಿಮೆಯಲ್ಲದೆ ಬೇರೇನೂ ಅಲ್ಲ.

ಈ ಸೀಮೆಯ ಹತ್ತಿಯನ್ನು ಜಗತ್ತಿನ ಪೇಟೆಯ ನಡುಮಧ್ಯಕ್ಕೆ ಒಮ್ಮೆಲೇ ಎಳೆದುಕೊಂಡು ಬಂದ ಘಟನೆಯೆಂದರೆ ೧೮೬೧ರಿಂದ ೧೮೬೫ರ ವರೆಗೆ ನಡೆದ ಅಮೆರಿಕದ ಅಂತರ್ಯುದ್ಧ. ಆ ಯುದ್ಧವು ನಮ್ಮಲ್ಲಿ ಉಂಟುಮಾಡಿದ ಪರಿಣಾಮವನ್ನು ನಾವು ಸಾಮಾನ್ಯವಾಗಿ ಸರಕಾರದ ವರದಿಗಳಿಂದಲೂ ಗ್ಯಾಸೆಟಿಯರುಗಳಿಂದಲೂ ತಿಳಿಯುತ್ತೇವೆ. ಅಲ್ಲಿ ದೊರೆಯುವುದು ಧಾರಣೆ, ಎಕರೆ, ಅಂಡಿಗೆಗಳ ಲೆಕ್ಕ. ಅದೇ ಯುದ್ಧದ ಮತ್ತೊಂದು ತುದಿಯಲ್ಲಿ, ಅದೇ ಬೆಳೆಯ ಮತ್ತೊಂದು ನೆಲದಲ್ಲಿ, ಒಬ್ಬ ಶಿಕ್ಷಕಿಯು ೧೮೬೨ರಿಂದ ಮೊದಲುಗೊಂಡು ಇಪ್ಪತ್ತು ವರ್ಷಗಳಿಗೂ ಮಿಕ್ಕಿ ತನ್ನ ಮನೆಯವರಿಗೆ ಪತ್ರಗಳನ್ನು ಬರೆಯುತ್ತಿದ್ದಳು. ಆಕೆಯ ಹೆಸರು ಲಾರಾ ಟೌನ್. ಆ ಪತ್ರಗಳಿಂದ ಎಂತಹ ಇತಿಹಾಸವು ದೊರೆಯುತ್ತದೆ, ಅಂತಹ ಪತ್ರಗಳಿಲ್ಲದಿರುವುದರಿಂದ ನಮ್ಮ ಇತಿಹಾಸಕ್ಕೆ ಒದಗಿರುವ ನಷ್ಟವೇನು ಎಂಬುದನ್ನು ವಿಚಾರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

೨

ಮೊದಲು ಯುದ್ಧಕ್ಕೂ ಹತ್ತಿಗೂ ಇದ್ದ ಸಂಬಂಧವನ್ನು ಸಂಕ್ಷೇಪವಾಗಿ ನೋಡಬೇಕು. ೧೮೬೦ರ ಸುಮಾರಿಗೆ ಇಂಗ್ಲೆಂಡಿನ ಗಿರಣಿಗಳಿಗೆ ಬೇಕಾದ ಹತ್ತಿಯಲ್ಲಿ ಐದರಲ್ಲಿ ನಾಲ್ಕು ಪಾಲಿನಷ್ಟು ಅಮೆರಿಕದ ದಕ್ಷಿಣ ಸಂಸ್ಥಾನಗಳಿಂದ ಬರುತ್ತಿತ್ತು. ಅದನ್ನು ಬೆಳೆಯುತ್ತಿದ್ದವರು ಆಫ್ರಿಕಾ ಮೂಲದ ಗುಲಾಮರು. ದಾಸ್ಯಪದ್ಧತಿಯನ್ನು ಉಳಿಸಿಕೊಳ್ಳಬೇಕೆಂದು ದಕ್ಷಿಣದ ಹನ್ನೊಂದು ಸಂಸ್ಥಾನಗಳು ಒಕ್ಕೂಟದಿಂದ ಬೇರ್ಪಟ್ಟವು. ೧೮೬೧ರ ಏಪ್ರಿಲ್ ತಿಂಗಳಲ್ಲಿ ಯುದ್ಧವು ಆರಂಭವಾಯಿತು. ಅದೇ ತಿಂಗಳಲ್ಲಿ ಅಧ್ಯಕ್ಷ ಲಿಂಕನ್ನನು ದಕ್ಷಿಣದ ಬಂದರಗಳಿಗೆ ನೌಕಾಬಂಧನವನ್ನು ವಿಧಿಸಿದನು. ಹತ್ತಿಯ ಹಡಗುಗಳು ನಿಂತವು. ಲಿವರ್‌ಪೂಲಿನಲ್ಲಿ ಹತ್ತಿಯ ಧಾರಣೆಯು ೧೮೬೪ರ ಹೊತ್ತಿಗೆ ಯುದ್ಧಪೂರ್ವದ ಧಾರಣೆಯ ನಾಲ್ಕು ಪಟ್ಟಿಗೆ ಸಮೀಪಿಸಿತು. ಗಿರಣಿಗಳ ಮಾಲಿಕರ ದೃಷ್ಟಿಯು ಸಹಜವಾಗಿಯೇ ಹಿಂದುಸ್ಥಾನದ ಕಡೆಗೆ ತಿರುಗಿತು.

ಧಾರವಾಡವು ಅವರಿಗೆ ಹೊಸ ಹೆಸರಲ್ಲ. ೧೮೪೦ರ ದಶಕದಲ್ಲಿಯೇ ಅಮೆರಿಕದಿಂದ ಬಂದ ತೋಟಗಾರರು ಈ ಜಿಲ್ಲೆಯಲ್ಲಿ ನ್ಯೂ ಆರ್ಲಿಯನ್ಸ್ ಬೀಜವನ್ನು ಬಿತ್ತಿ ನೋಡಿದ್ದರು. ಕಲೆಕ್ಟರನಾಗಿದ್ದ ಶಾ ಎಂಬಾತನು ಈ ಪ್ರಯೋಗಕ್ಕೆ ವಿಶೇಷ ಬೆಂಬಲವಿತ್ತನು. ಮುಂಬಯಿ ಆಧಿಪತ್ಯದ ಇತರ ಕಡೆಗಳಲ್ಲಿ ಸೋತ ಈ ಬೀಜವು ಧಾರವಾಡದ ಹವೆಗೆ ಒಗ್ಗಿ, ‘ಧಾರವಾಡ ಅಮೆರಿಕನ್’ ಎಂಬ ಹೆಸರಿನಿಂದ ಪ್ರಸಿದ್ಧಿ ಪಡೆಯಿತು. ಯುದ್ಧವು ಮೊದಲಾದೊಡನೆ ಮ್ಯಾಂಚೆಸ್ಟರಿನ ಹತ್ತಿ ಕಂಪನಿಯು ಕಾರವಾರದ ಬಳಿಯ ಸದಾಶಿವಗಡಕ್ಕೆ ಯಂತ್ರಸಾಮಗ್ರಿಯನ್ನು ಕಳುಹಿಸಿತು. ಇಳಿಸಲು ಧಕ್ಕೆಯೂ ಇಲ್ಲ, ಒಳನಾಡಿಗೆ ಒಯ್ಯಲು ಸರಿಯಾದ ರಸ್ತೆಯೂ ಇಲ್ಲ ಎಂಬುದು ಆಮೇಲೆ ಕಂಡುಬಂದಿತು. ೧೮೬೨ರಲ್ಲಿ ಉತ್ತರ ಕನ್ನಡವನ್ನು ಮದರಾಸು ಆಧಿಪತ್ಯದಿಂದ ಬಿಡಿಸಿ ಮುಂಬಯಿಗೆ ಸೇರಿಸಿದುದಕ್ಕೆ ಈ ಹತ್ತಿಯ ಹಿತಾಸಕ್ತಿಯೂ ಒಂದು ಮುಖ್ಯ ಕಾರಣ. ಹತ್ತಿ ಬೆಳೆಯುವ ಜಿಲ್ಲೆಯೂ ಹತ್ತಿ ಹೊರಡುವ ಬಂದರವೂ ಒಂದೇ ಸರಕಾರದ ಕೈಯಲ್ಲಿ ಇರಬೇಕೆಂಬುದು ವರ್ತಕರ ಒತ್ತಾಯವಾಗಿತ್ತು. ಹೀಗೆ ಮಳಗಿಯ ಒಕ್ಕಲಿಗನು ಯಾವ ಆಧಿಪತ್ಯಕ್ಕೆ ಕಂದಾಯ ಕೊಡಬೇಕೆಂಬುದು ಕೂಡ ಅಂಶತಃ ದೂರದ ಒಂದು ಯುದ್ಧದ ಛಾಯೆಯಲ್ಲಿ ನಿರ್ಣಯವಾಯಿತೆಂಬುದು ಗಮನಾರ್ಹವಾಗಿದೆ.

ಯುದ್ಧವು ೧೮೬೫ರ ಏಪ್ರಿಲಿನಲ್ಲಿ ಮುಗಿಯಿತು, ಧಾರಣೆಯು ಕುಸಿಯಿತು, ಅದೇ ಜುಲೈ ತಿಂಗಳಲ್ಲಿ ಮುಂಬಯಿಯ ಶೇರು ವ್ಯವಹಾರವು ಉರುಳಿಬಿದ್ದಿತು. ಆದರೆ ಏರಿದ ಧಾರಣೆಯ ನೆನಪು ಸರಕಾರದ ದಫ್ತರಗಳಿಂದ ಅಳಿಯಲಿಲ್ಲ. ಮೊದಲ ಭೂಮಾಪನದ ೩೦ ವರ್ಷಗಳ ಅವಧಿ ತೀರಿದ ಮೇಲೆ, ೧೮೭೦ರ ದಶಕದಲ್ಲಿ, ಧಾರವಾಡ ಜಿಲ್ಲೆಯ ಹಲವು ಭಾಗಗಳಲ್ಲಿ ಕಂದಾಯದ ದರಗಳು ಏರಿದವು. ಅದರ ಬೆನ್ನಿಗೇ ೧೮೭೬–೭೮ರ ಭೀಕರ ಕ್ಷಾಮವು ಬಂದಿತು. ಇಷ್ಟು ನಮ್ಮ ಕಡೆಯ ಕಥೆ. ಇದರಲ್ಲಿ ಅಂಕಿಗಳಿವೆ, ಆಜ್ಞೆಗಳಿವೆ. ಮನೆಯೊಳಗಿನ ಒಂದು ಮಾತೂ ಇಲ್ಲ.

೩

ಇನ್ನು ಮತ್ತೊಂದು ತುದಿಗೆ ಬರೋಣ. ದಕ್ಷಿಣ ಕೆರೊಲಿನಾ ಸಂಸ್ಥಾನದ ಕರಾವಳಿಯಲ್ಲಿ ಪೋರ್ಟ್ ರಾಯಲ್ ಕೊಲ್ಲಿಯ ಸುತ್ತ ಅನೇಕ ದ್ವೀಪಗಳಿವೆ. ಅವುಗಳಲ್ಲಿ ಸೇಂಟ್ ಹೆಲಿನಾ ಒಂದು. ಅತ್ಯಂತ ಉದ್ದವಾದ ಎಳೆಯುಳ್ಳ ‘ಸಮುದ್ರದ್ವೀಪದ ಹತ್ತಿ’ಗೆ ಈ ಪ್ರದೇಶವು ಹೆಸರಾಗಿತ್ತು. ೧೮೬೧ರ ನವೆಂಬರ್ ೭ರಂದು ಉತ್ತರದ ನೌಕಾಪಡೆಯು ಈ ಕೊಲ್ಲಿಯನ್ನು ಗೆದ್ದುಕೊಂಡಿತು. ತೋಟಗಳ ಬಿಳಿಯ ಒಡೆಯರು ಮನೆಮಾರುಗಳನ್ನು ಬಿಟ್ಟು ಓಡಿದರು. ಹಿಂದುಳಿದವರು ಸುಮಾರು ಹತ್ತು ಸಾವಿರ ಜನ ಗುಲಾಮರು. ಅವರು ಒಡೆಯರಿಲ್ಲದವರಾದರು, ಆದರೆ ಕಾಯಿದೆಯ ಪ್ರಕಾರ ಇನ್ನೂ ಸ್ವತಂತ್ರರಾಗಿರಲಿಲ್ಲ. ಈ ನಡುವಣ ಸ್ಥಿತಿಯಲ್ಲಿದ್ದ ಜನರ ಬಳಿಗೆ ಉತ್ತರದ ನಗರಗಳ ಪರೋಪಕಾರಿ ಸಂಘಗಳು ೧೮೬೨ರ ವಸಂತಕಾಲದಲ್ಲಿ ಶಿಕ್ಷಕರನ್ನೂ ಮೇಲ್ವಿಚಾರಕರನ್ನೂ ಕಳುಹಿಸಿದವು.

ಲಾರಾ ಟೌನ್ ಅವರಲ್ಲೊಬ್ಬಳು. ೧೮೨೫ರಲ್ಲಿ ಪಿಟ್ಸ್‌ಬರ್ಗಿನಲ್ಲಿ ಹುಟ್ಟಿ, ಫಿಲಡೆಲ್ಫಿಯಾದಲ್ಲಿ ಬೆಳೆದ ಆಕೆ ಹೋಮಿಯೋಪಥಿ ವೈದ್ಯವನ್ನು ಕಲಿತಿದ್ದಳು. ದಾಸ್ಯವಿರೋಧಿಗಳ ಸಂಗದಲ್ಲಿ ಪಳಗಿದ್ದಳು. ೧೮೬೨ರ ಏಪ್ರಿಲಿನಲ್ಲಿ ದ್ವೀಪಕ್ಕೆ ಬಂದಾಗ ಆಕೆಗೆ ೩೬ ವರ್ಷ. ಜೂನ್ ತಿಂಗಳಲ್ಲಿ ಗೆಳತಿ ಎಲೆನ್ ಮರ್ರೆ ಬಂದು ಕೂಡಿಕೊಂಡಳು. ‘ದಿ ಓಕ್ಸ್’ ಎಂಬ ತೋಟದ ಮನೆಯ ಹಿಂಬದಿಯ ಕೋಣೆಯಲ್ಲಿ ಒಂಬತ್ತು ಜನ ವಯಸ್ಕರಿಗೆ ಅಕ್ಷರಾಭ್ಯಾಸವು ಆರಂಭವಾಯಿತು. ಅದೇ ವರ್ಷ ಶಾಲೆಯು ಇಟ್ಟಿಗೆಯ ಚರ್ಚಿಗೆ ಸ್ಥಳಾಂತರವಾಯಿತು. ವಿದ್ಯಾರ್ಥಿಗಳ ಸಂಖ್ಯೆ ೮೦ರ ಸುಮಾರಿಗೆ ಏರಿತು. ೧೮೬೫ರ ಆರಂಭದ ವೇಳೆಗೆ ಫಿಲಡೆಲ್ಫಿಯಾದವರು ಬಿಡಿಭಾಗಗಳಾಗಿ ಸಿದ್ಧಪಡಿಸಿ ಹಡಗಿನಲ್ಲಿ ಕಳುಹಿಸಿದ ಕಟ್ಟಡವು ನಿಂತಿತು. ವಿಲಿಯಂ ಪೆನ್ನನ ಹೆಸರಿನಿಂದ ಅದು ಪೆನ್ ಶಾಲೆಯೆನಿಸಿತು. ಟೌನ್ ೧೯೦೧ರ ಫೆಬ್ರವರಿಯಲ್ಲಿ ತೀರಿಕೊಳ್ಳುವವರೆಗೆ ಅದೇ ದ್ವೀಪದಲ್ಲಿ ಉಳಿದಳು. ಯುದ್ಧಕ್ಕೆಂದು ಬಂದವರಲ್ಲಿ ಬಹುಮಂದಿ ಯುದ್ಧ ಮುಗಿದೊಡನೆ ಹಿಂದಿರುಗಿದರೆಂಬುದನ್ನು ನೆನೆದರೆ ಈ ೩೯ ವರ್ಷಗಳ ವಾಸದ ಮಹತ್ವವು ತಿಳಿಯುತ್ತದೆ.

ಆಕೆಯು ತನ್ನ ಮನೆಯವರಿಗೆ ಬರೆದ ಪತ್ರಗಳನ್ನೂ ದಿನಚರಿಯ ಭಾಗಗಳನ್ನೂ ರೂಪರ್ಟ್ ಸಾರ್ಜೆಂಟ್ ಹಾಲಂಡ್ ಎಂಬಾತನು ಸಂಪಾದಿಸಿ ೧೯೧೨ರಲ್ಲಿ ಪ್ರಕಟಿಸಿದನು. ಅದರಲ್ಲಿರುವ ಬರಹಗಳು ೧೮೬೨ರಿಂದ ೧೮೮೪ರ ವರೆಗಿನವು. ಆದುದರಿಂದಲೇ ಈ ಸಂಗ್ರಹಕ್ಕೆ ವಿಶೇಷ ಬೆಲೆಯಿದೆ. ಯುದ್ಧಕಾಲದ ಪತ್ರಗಳು ಎಲ್ಲ ದೇಶಗಳಲ್ಲಿಯೂ ಹೇರಳವಾಗಿ ಸಿಗುತ್ತವೆ. ಯುದ್ಧವೂ ಯುದ್ಧಾನಂತರದ ಶಾಂತಿಯೂ ಒಂದೇ ಕೈಯಿಂದ, ಒಂದೇ ಸ್ಥಳದಿಂದ, ಒಂದೇ ಮನೆಗೆ ಬರೆಯಲ್ಪಟ್ಟಿರುವುದು ಅಪರೂಪ.

೪

ಈ ಪತ್ರಗಳಲ್ಲಿ ಏನಿದೆ? ಮೊದಲ ಉದಾಹರಣೆಯಾಗಿ ೧೮೬೨ರ ಮೇ ತಿಂಗಳ ಘಟನೆಯನ್ನು ತೆಗೆದುಕೊಳ್ಳೋಣ. ಉತ್ತರದ ಸೇನಾಪತಿ ಡೇವಿಡ್ ಹಂಟರನು ದ್ವೀಪಗಳ ಸಮರ್ಥರಾದ ಕಪ್ಪು ಗಂಡಸರನ್ನೆಲ್ಲ ಸೈನ್ಯಕ್ಕೆ ಸೇರಿಸಲು ಆಜ್ಞಾಪಿಸಿದನು. ರಾಜ್ಯದ ಇತಿಹಾಸದಲ್ಲಿ ಇದು ಕಪ್ಪು ಜನರ ಪಡೆಗಳ ಮೊದಲ ಅಧ್ಯಾಯ. ಆದುದರಿಂದ ಪ್ರಗತಿಪರವಾದ ಹೆಜ್ಜೆ. ಟೌನಳ ಬರಹದಲ್ಲಿ ಅದೇ ಘಟನೆಯ ಬೇರೊಂದು ಮುಖವು ಕಾಣುತ್ತದೆ. ಸಿಪಾಯಿಗಳು ತೋಟದೊಳಗೆ ಬಂದು ಹೊಲದಲ್ಲಿದ್ದವರನ್ನು ಕರೆದೊಯ್ದರು. ಒಡೆಯರು ಗಂಡಸರನ್ನು ಮಾರಿಬಿಡುತ್ತಿದ್ದ ದಿನಗಳನ್ನು ಕಂಡಿದ್ದ ಹೆಂಗಸರು ತಮ್ಮವರು ಇನ್ನು ಮರಳುವುದಿಲ್ಲವೆಂದು ಭಯಪಟ್ಟರು. ಸ್ವಾತಂತ್ರ್ಯ ಕೊಡಲು ಬಂದವರ ಆಜ್ಞೆಯು ದಾಸ್ಯದ ಕಾಲದ ಆಜ್ಞೆಯಂತೆಯೇ ಬಾಗಿಲಿಗೆ ಬಂದಿತೆಂಬುದನ್ನು ಸೇನೆಯ ಆಜ್ಞಾಪತ್ರದಿಂದ ನಾವು ತಿಳಿಯಲಾರೆವು.

ಎರಡನೆಯದು ಹತ್ತಿಯ ವಿಷಯ. ವಾಷಿಂಗ್ಟನ್ನಿನ ಖಜಾನೆ ಇಲಾಖೆಗೆ ಈ ದ್ವೀಪಗಳು ಮೊದಲಿಗೆ ಹತ್ತಿಯ ಆಸ್ತಿಯಾಗಿ ಕಂಡವು. ಸ್ವತಂತ್ರ ಕೂಲಿಯಿಂದಲೂ ಹತ್ತಿಯನ್ನು ಲಾಭಕರವಾಗಿ ಬೆಳೆಯಬಹುದೆಂದು ಸಿದ್ಧಪಡಿಸಿದರೆ ದಾಸ್ಯದ ಸಮರ್ಥಕರ ಬಾಯಿ ಮುಚ್ಚುವುದೆಂಬುದು ಸುಧಾರಕರ ನಂಬಿಕೆಯಾಗಿತ್ತು. ಆದರೆ ವಿಮುಕ್ತರಾದವರ ಇಚ್ಛೆ ಬೇರೆಯಾಗಿತ್ತು. ಅವರು ಮೆಕ್ಕೆಜೋಳವನ್ನೂ ಗೆಣಸನ್ನೂ ನೆಡಲು ಬಯಸಿದರು. ಹತ್ತಿಯು ಅವರ ಪಾಲಿಗೆ ಒಡೆಯನ ಬೆಳೆ. ಜೋಳವು ಮನೆಯ ಬೆಳೆ. ಮೇಲಾಗಿ ೧೮೬೨ರಲ್ಲಿ ಅವರ ಕೂಲಿಯ ಹಣವು ತಿಂಗಳುಗಟ್ಟಲೆ ತಡವಾಯಿತು. ಹತ್ತಿ ಬೆಳೆದರೆ ಹಣ ಬರುತ್ತದೆಂಬ ಮಾತನ್ನು ಅವರು ಹೇಗೆ ನಂಬಬೇಕು? ಅಧಿಕಾರಿಗಳ ವರದಿಯಲ್ಲಿ ಇದಕ್ಕೆ ಕೊಟ್ಟ ಹೆಸರು ಸೋಮಾರಿತನ ಅಥವಾ ಅಜ್ಞಾನ. ಅವರ ನಡುವೆಯೇ ವಾಸಿಸುತ್ತಿದ್ದ ಶಿಕ್ಷಕಿಯರ ಪತ್ರಗಳಲ್ಲಿ ಅದು ಲೆಕ್ಕ ಬಲ್ಲವರ ವಿವೇಕವಾಗಿ ಕಾಣತೊಡಗುತ್ತದೆ.

ಈ ಸಂದರ್ಭದಲ್ಲಿ ೧೯೦೬ರಲ್ಲಿ ಎಲಿಜಬೆತ್ ವೇರ್ ಪಿಯರ್ಸನ್ ಪ್ರಕಟಿಸಿದ ಪೋರ್ಟ್ ರಾಯಲ್ ಪತ್ರಗಳ ಸಂಗ್ರಹವನ್ನೂ ಸ್ಮರಿಸಬೇಕು. ಅದರಲ್ಲಿ ಅದೇ ದ್ವೀಪದ ಮತ್ತೊಬ್ಬ ಶಿಕ್ಷಕಿಯಾದ ಹ್ಯಾರಿಯೆಟ್ ವೇರ್, ಆಕೆಯ ಸೋದರ ಚಾರ್ಲ್ಸ್ ವೇರ್ ಮತ್ತು ಅವರ ಸ್ನೇಹಿತ ಎಡ್ವರ್ಡ್ ಫಿಲ್‌ಬ್ರಿಕ್ ಇವರ ಪತ್ರಗಳು ಸೇರಿವೆ. ಫಿಲ್‌ಬ್ರಿಕ್ಕನು ೧೮೬೩ರಲ್ಲಿ ತೆರಿಗೆ ಬಾಕಿಗಾಗಿ ಹರಾಜಾದ ಹಲವು ತೋಟಗಳನ್ನು ಕೊಂಡು ಕೂಲಿಯಿಂದ ಹತ್ತಿ ಬೆಳೆಯಿಸಿದವನು. ಒಂದೇ ಬಳಗದಲ್ಲಿ ತೋಟದ ಲೆಕ್ಕವನ್ನು ಬರೆಯುವ ಗಂಡಸರ ಪತ್ರವೂ ಶಾಲೆಯ ಮಕ್ಕಳನ್ನೂ ಗುಡಿಸಲಿನ ತಾಯಂದಿರನ್ನೂ ಬಣ್ಣಿಸುವ ಹೆಂಗಸಿನ ಪತ್ರವೂ ಜೊತೆಜೊತೆಗೇ ಸಿಗುವುದರಿಂದ, ಬರೆಯುವವರ ಕೆಲಸವು ಅವರ ಕಣ್ಣನ್ನು ಹೇಗೆ ತಿದ್ದುತ್ತದೆಂಬುದನ್ನು ವಿದ್ಯಾರ್ಥಿಗಳು ಇಲ್ಲಿ ಪ್ರತ್ಯಕ್ಷವಾಗಿ ನೋಡಬಹುದು.

ಮೂರನೆಯ ಉದಾಹರಣೆ ೧೮೬೫ರ ಏಪ್ರಿಲ್ ೨೯ರ ಟೌನಳ ಪತ್ರ. ಲಿಂಕನ್ನನ ಹತ್ಯೆಯಾಗಿ ಎರಡು ವಾರಗಳಾಗಿದ್ದವು. ದ್ವೀಪದ ಜನರು ಅವನು ಸತ್ತನೆಂಬುದನ್ನು ನಂಬಲು ಒಪ್ಪಲಿಲ್ಲವೆಂದು ಆಕೆ ಬರೆಯುತ್ತಾಳೆ. ಸತ್ತುದು ನಿಜವೆಂದು ತಿಳಿದರೆ ದುಃಖಿಸುವೆವು, ಆದರೆ ಅದು ನಿಜವೆಂದು ನಮಗೆ ತೋರದು ಎಂಬ ಅರ್ಥದ ಮಾತನ್ನು ಅವರ ಧರ್ಮಗುರು ಆಡಿದನು. ಅವರ ಸ್ವಾತಂತ್ರ್ಯವು ಒಬ್ಬ ಮನುಷ್ಯನ ಜೀವಕ್ಕೆ ಕಟ್ಟುಬಿದ್ದಿದೆಯೆಂಬ ಭಯವೇ ಆ ಅಪನಂಬಿಕೆಯ ಮೂಲ. ಹತ್ಯೆಯ ಸುದ್ದಿಯು ಎಲ್ಲ ಇತಿಹಾಸಗಳಲ್ಲಿಯೂ ಇದೆ. ಆ ಸುದ್ದಿಯನ್ನು ನಂಬಲೊಲ್ಲದ ಜನರ ಮೌನವು ಸಿಗುವುದು ಇಂತಹ ಪತ್ರಗಳಲ್ಲಿ.

೫

ಯುದ್ಧಾನಂತರದ ಪತ್ರಗಳು ಇನ್ನೂ ಹೆಚ್ಚು ಬೋಧಪ್ರದವಾಗಿವೆ. ಯುದ್ಧದ ಅಂತ್ಯವೇ ಕಥೆಯ ಅಂತ್ಯವೆಂದು ಭಾವಿಸುವ ನಮ್ಮ ಪಠ್ಯಪುಸ್ತಕಗಳ ಪದ್ಧತಿಯನ್ನು ಅವು ಪ್ರಶ್ನಿಸುತ್ತವೆ. ೧೮೬೫ರ ಜನವರಿಯಲ್ಲಿ ಸೇನಾಪತಿ ಶರ್ಮನ್ನನು ಹೊರಡಿಸಿದ ಆಜ್ಞೆಯಿಂದ ಕರಾವಳಿಯ ವಿಶಾಲವಾದ ಭೂಮಿಯು ವಿಮುಕ್ತರಿಗೆ ಮೀಸಲಾಯಿತು. ಅದೇ ವರ್ಷ ಹೊಸ ಅಧ್ಯಕ್ಷ ಆಂಡ್ರೂ ಜಾನ್ಸನ್ನನು ಹಳೆಯ ಒಡೆಯರಿಗೆ ಕ್ಷಮಾದಾನವನ್ನಿತ್ತು ಆ ಭೂಮಿಯ ಬಹುಭಾಗವನ್ನು ಹಿಂದಿರುಗಿಸಿದನು. ಆದರೆ ಸೇಂಟ್ ಹೆಲಿನಾ ದ್ವೀಪದಲ್ಲಿ ತೆರಿಗೆ ಹರಾಜಿನ ಮೂಲಕ ಮಾರಾಟವಾದ ಭೂಮಿಯಲ್ಲಿ ಸಣ್ಣ ಸಣ್ಣ ತುಂಡುಗಳನ್ನು ಕಪ್ಪು ಒಕ್ಕಲಿಗರು ಕೊಂಡಿದ್ದರು. ಆ ಹಕ್ಕು ಉಳಿಯಿತು. ದ್ವೀಪದ ಮುಂದಿನ ಇತಿಹಾಸವು ಸುತ್ತಲಿನ ನಾಡಿಗಿಂತ ಭಿನ್ನವಾದುದಕ್ಕೆ ಈ ಭೂಮಿಯೂ ಅದರ ಜೊತೆಗಿದ್ದ ಶಾಲೆಯೂ ಕಾರಣ. ಭೂಮಿ ಇದ್ದುದರಿಂದ ಮಕ್ಕಳನ್ನು ಶಾಲೆಗೆ ಕಳುಹಿಸುವುದು ಸಾಧ್ಯವಾಯಿತು. ಶಾಲೆ ಇದ್ದುದರಿಂದ ಭೂಮಿಯ ಕಾಗದಪತ್ರವನ್ನು ಓದುವುದು ಸಾಧ್ಯವಾಯಿತು.

ಕಾಲ ಕಳೆದಂತೆ ಪತ್ರಗಳ ಸ್ವರವು ಬದಲಾಗುತ್ತದೆ. ಯುದ್ಧದ ಉತ್ಸಾಹವು ಉತ್ತರದ ನಗರಗಳಲ್ಲಿ ಇಳಿಯಿತು. ಸಂಘಗಳ ಧನಸಹಾಯವು ಕ್ಷೀಣಿಸಿತು. ೧೮೭೭ರಲ್ಲಿ ಒಕ್ಕೂಟದ ಸೈನ್ಯದ ಬೆಂಬಲವು ನಿಂತ ಮೇಲೆ ದಕ್ಷಿಣ ಕೆರೊಲಿನಾದ ಅಧಿಕಾರವು ಹಳೆಯ ವರ್ಗದ ಕೈಗೆ ಮರಳಿತು. ೧೮೭೮ರ ನವೆಂಬರಿನ ಒಂದು ಪತ್ರದಲ್ಲಿ ಟೌನ್ ಬರೆದಿರುವ ಘಟನೆ ಇದು: ಬೋಫರ್ಟಿನಲ್ಲಿ ಗುಲಾಮನಾಗಿ ಹುಟ್ಟಿ, ಯುದ್ಧಕಾಲದಲ್ಲಿ ದಕ್ಷಿಣದವರ ಹಡಗನ್ನೇ ಅಪಹರಿಸಿ ಉತ್ತರಕ್ಕೆ ಒಪ್ಪಿಸಿ, ಮುಂದೆ ಕಾಂಗ್ರೆಸ್ಸಿನ ಸದಸ್ಯನಾದ ರಾಬರ್ಟ್ ಸ್ಮಾಲ್ಸನು ಗಿಲಿಸನ್‌ವಿಲ್ ಎಂಬಲ್ಲಿ ಚುನಾವಣೆಯ ಸಭೆಗೆ ಹೋದಾಗ, ಕೆಂಪಂಗಿ ತೊಟ್ಟ ಸಶಸ್ತ್ರ ಬಿಳಿಯರು ಸಭೆಯನ್ನು ಮುತ್ತಿದರು, ಅವನು ಒಂದು ಅಂಗಡಿಯಲ್ಲಿ ಆಶ್ರಯ ಪಡೆಯಬೇಕಾಯಿತು. ಯುದ್ಧ ಮುಗಿದು ೧೩ ವರ್ಷಗಳಾದ ಮೇಲಿನ ಪತ್ರವಿದು. ರಣರಂಗದಲ್ಲಿ ಸೋತ ಪಕ್ಷವು ಶಾಂತಿಯ ಕಾಲದಲ್ಲಿ ಹೇಗೆ ಗೆಲ್ಲತೊಡಗಿತೆಂಬುದನ್ನು ಈ ಒಂದು ಪತ್ರವೇ ಸ್ಪಷ್ಟಪಡಿಸುತ್ತದೆ. ಆದರೂ ಶಾಲೆಯ ಗಂಟೆ ನಿಲ್ಲಲಿಲ್ಲ. ಪಾಠದ ಕ್ರಮ, ಪರೀಕ್ಷೆಯ ದಿನ, ಹೊಸದಾಗಿ ತರಬೇತಿ ಪಡೆದ ಶಿಕ್ಷಕರು—ಇವು ಕೊನೆಯವರೆಗೂ ಆಕೆಯ ಚಿಂತೆಯ ವಿಷಯಗಳಾಗಿದ್ದವು. ಪೆನ್ ಶಾಲೆಯು ೧೯೪೮ರಲ್ಲಿ ಶಾಲೆಯಾಗಿ ನಿಂತರೂ ಅದರ ಆವರಣವು ಸಮಾಜಸೇವೆಯ ಕೇಂದ್ರವಾಗಿ ಮುಂದುವರಿಯಿತು. ೧೯೬೦ರ ದಶಕದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಮತ್ತು ಅವರ ಸಂಗಡಿಗರು ಅಲ್ಲಿ ಸೇರಿ ತಮ್ಮ ಚಳವಳಿಯ ಆಲೋಚನೆಗಳನ್ನು ನಡೆಸಿದರು.

೬

ಇಂತಹ ಪತ್ರಗಳನ್ನು ಆಧಾರವಾಗಿ ಬಳಸುವಾಗ ಕೆಲವು ಎಚ್ಚರಿಕೆಗಳು ಅವಶ್ಯಕ. ಮೊದಲನೆಯದಾಗಿ, ಕುಟುಂಬಪತ್ರವು ಓದುಗರನ್ನು ಕಂಡು ಬರೆದುದು. ಮನೆಯವರನ್ನು ಹೆದರಿಸಬಾರದೆಂದು ಬರೆಯುವವರು ಅಪಾಯವನ್ನು ಕಡಿಮೆ ಮಾಡಿ ಹೇಳುವುದುಂಟು. ವೇತನದ ತೊಂದರೆ, ಜ್ವರ, ಏಕಾಂತ ಇವುಗಳ ಪ್ರಮಾಣವನ್ನು ಪತ್ರದ ಮಾತಿನಿಂದಲೇ ಅಳೆಯಲಾಗದು. ಎರಡನೆಯದಾಗಿ, ನಮ್ಮ ಕೈಗೆ ಬಂದಿರುವುದು ಸಂಪಾದಕನ ಆಯ್ಕೆ. ಆಯ್ಕೆಯಲ್ಲಿ ಬಿಟ್ಟುಹೋದುದು ಸ್ವಭಾವತಃ ಮನೆಯ ವಿಷಯವೇ ಆಗಿರುತ್ತದೆ. ಇತಿಹಾಸಕಾರನಿಗೆ ಬೇಕಾದುದೂ ಎಷ್ಟೋ ವೇಳೆ ಅದೇ.

ಮೂರನೆಯ ಎಚ್ಚರಿಕೆ ಎಲ್ಲಕ್ಕಿಂತ ಮುಖ್ಯವಾದುದು. ಬರೆದವಳು ಬಿಳಿಯಳು, ಹೊರಗಿನಿಂದ ಬಂದವಳು. ೧೮೬೨ರ ಏಪ್ರಿಲಿನಲ್ಲಿ, ಬಂದ ಹೊಸದರಲ್ಲಿ, ವಿಮುಕ್ತರು ವರ್ತುಲವಾಗಿ ಸುತ್ತುತ್ತ ಹಾಡುವ ಭಕ್ತಿನೃತ್ಯವನ್ನು ನೋಡಿ, ಇದು ಯಾವುದೋ ಪುರಾತನ ವಿಗ್ರಹಾರಾಧನೆಯ ಅವಶೇಷವಿರಬೇಕು, ಇಷ್ಟು ಅನಾಗರಿಕವಾದುದನ್ನು ತಾನು ಕಂಡಿಲ್ಲ ಎಂಬಂತೆ ಆಕೆ ಬರೆದಳು. ಇಂದು ಅದೇ ನೃತ್ಯಗೀತಗಳನ್ನು ವಿದ್ವಾಂಸರು ಆಫ್ರಿಕಾದಿಂದ ಬಂದ ಅಮೂಲ್ಯ ಪರಂಪರೆಯೆಂದು ಅಭ್ಯಾಸ ಮಾಡುತ್ತಾರೆ. ಅಕ್ಕರೆಯುಳ್ಳ ಸಾಕ್ಷಿಯೂ ಎಲ್ಲವನ್ನೂ ಕಾಣಳು. ಆದುದರಿಂದ ಟೌನಳ ಪತ್ರಗಳನ್ನು ಅದೇ ದ್ವೀಪಕ್ಕೆ ೧೮೬೨ರ ಅಕ್ಟೋಬರಿನಲ್ಲಿ ಬಂದ ಕಪ್ಪು ಶಿಕ್ಷಕಿ ಷಾರ್ಲಟ್ ಫಾರ್ಟೆನ್‌ಳ ದಿನಚರಿಯ ಜೊತೆಗಿಟ್ಟು ಓದಬೇಕು. ಆಗಲೂ ಗುಡಿಸಲಿನ ತಾಯಿಯ ಮಾತು ನಮಗೆ ಇತರರ ಲೇಖನಿಯಿಂದಲೇ ಬರುತ್ತದೆ. ಅಕ್ಷರ ಕಲಿಯುವುದು ಅಪರಾಧವಾಗಿದ್ದ ನಾಡಿನಲ್ಲಿ ಆಕೆ ಪತ್ರ ಬರೆಯಲು ಸಾಧ್ಯವಿರಲಿಲ್ಲ.

೭

ಈ ಕೊನೆಯ ಮಾತೇ ನಮ್ಮನ್ನು ಮಳಗಿಯ ದಾರಿಗೆ ಹಿಂದಕ್ಕೆ ಕರೆತರುತ್ತದೆ. ಧಾರವಾಡದ ಜವಾರಿ ಹತ್ತಿಯಿಂದ ಕಾಳನ್ನು ಬೇರ್ಪಡಿಸುತ್ತಿದ್ದವರು ಹೆಚ್ಚಾಗಿ ಹೆಂಗಸರು. ಚಪ್ಪಟೆಯಾದ ಕಲ್ಲಿನ ಮೇಲೆ ಹತ್ತಿಯನ್ನಿಟ್ಟು, ಕಬ್ಬಿಣದ ಸರಳನ್ನು ಕಾಲುಗಳಿಂದ ಉರುಳಿಸಿ ಕಾಳನ್ನು ಹೊರದೂಡುವುದು ಆ ಕಾಲದ ಪದ್ಧತಿ. ಅಮೆರಿಕನ್ ಜಾತಿಯ ಹತ್ತಿಗೆ ಗರಗಸದ ಜಿನ್ನುಗಳು ಬಂದವು. ಜವಾರಿ ಹತ್ತಿಗೆ ಕಾಲಿನ ಸರಳೇ ಬಹುಕಾಲ ಉಳಿಯಿತು. ಗಮನಿಸಬೇಕಾದುದೆಂದರೆ ಸೇಂಟ್ ಹೆಲಿನಾ ದ್ವೀಪದ ಉದ್ದನೆಯ ಎಳೆಯ ಹತ್ತಿಗೂ ಗರಗಸವು ಒಗ್ಗುತ್ತಿರಲಿಲ್ಲ. ಅಲ್ಲಿಯೂ ಕಾಲಿನಿಂದ ತುಳಿದು ನಡೆಸುವ ಉರುಳೆಯ ಜಿನ್ನುಗಳೇ ಬಳಕೆಯಲ್ಲಿದ್ದವು. ಭೂಗೋಳದ ಎರಡು ಕಡೆಗಳಲ್ಲಿ ದುಡಿಯುವ ಕಾಲುಗಳು ಒಂದೇ ಪೇಟೆಗೆ ಹತ್ತಿಯನ್ನು ಒದಗಿಸಿದವ. ಎರಡೂ ಕಡೆ ಒಂದೇ ಪ್ರಶ್ನೆ ಇದ್ದಿತು: ಹೊಲಕ್ಕೆ ಹತ್ತಿಯನ್ನು ಹಾಕಬೇಕೇ, ಜೋಳವನ್ನು ಹಾಕಬೇಕೇ? ಆ ದ್ವೀಪದಲ್ಲಿ ಈ ಪ್ರಶ್ನೆಗೆ ಮನೆಯವರು ಕೊಟ್ಟ ಉತ್ತರವು ಶಿಕ್ಷಕಿಯೊಬ್ಬಳ ಕಾಗದದಲ್ಲಿ ಉಳಿಯಿತು. ಹುಬ್ಬಳ್ಳಿ, ನವಲಗುಂದ, ಹಾನಗಲ್ಲಿನ ಮನೆಗಳಲ್ಲಿ ಆ ಪ್ರಶ್ನೆಯನ್ನು ಹೇಗೆ ಚರ್ಚಿಸಿದರು, ಏರಿದ ಧಾರಣೆಯ ಹಣದಿಂದ ಯಾರ ಸಾಲ ತೀರಿತು, ಇಳಿದ ಮೇಲೆ ಯಾರ ಬಂಗಾರ ಒತ್ತೆ ಹೋಯಿತು ಎಂಬುದನ್ನು ಕಲೆಕ್ಟರನ ವರದಿಯು ಹೇಳುವುದಿಲ್ಲ.

ನಮ್ಮಲ್ಲಿ ಆ ಕಾಲದಲ್ಲಿ ಶಿಕ್ಷಣವೇ ಇರಲಿಲ್ಲವೆಂದಲ್ಲ. ಧಾರವಾಡದಲ್ಲಿ ಶಿಕ್ಷಕರ ತರಬೇತಿಯ ಶಾಲೆಯಿದ್ದಿತು. ಡೆಪ್ಯುಟಿ ಚನ್ನಬಸಪ್ಪನವರಂಥವರು ಕನ್ನಡ ಶಾಲೆಗಳಿಗಾಗಿ ದುಡಿಯುತ್ತಿದ್ದರು. ಆದರೆ ಆ ಶಾಲೆಗಳಿಗೆ ಬಂದವರು ಬಹುತೇಕ ಗಂಡುಮಕ್ಕಳು. ಅಕ್ಷರವು ಒಬ್ಬ ಹೆಂಗಸಿನ ಕೈಗೆ ಬಂದರೆ ಇತಿಹಾಸಕ್ಕೆ ಎಂತಹ ಸಾಕ್ಷಿ ಲಭಿಸುತ್ತದೆಂಬುದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ಅದೇ ಮುಂಬಯಿ ಆಧಿಪತ್ಯದ ಪುಣೆಯಲ್ಲಿ ಶಿಕ್ಷಕಿಯಾಗಿದ್ದ ಸಾವಿತ್ರಿಬಾಯಿ ಫುಲೆಯವರು ತಮ್ಮ ಪತಿ ಜೋತಿರಾಯರಿಗೆ ೧೮೫೬, ೧೮೬೮ ಮತ್ತು ೧೮೭೭ರಲ್ಲಿ ಬರೆದ ಮೂರು ಪತ್ರಗಳು ಉಳಿದಿವೆ. ಕೊನೆಯದು ಜುನ್ನರದ ಕಡೆಯಿಂದ ಕ್ಷಾಮದ ನಡುವೆ ಬರೆದ ಪತ್ರ. ಧಾರವಾಡವನ್ನು ಸುಟ್ಟ ಬರವೂ ಅದೇ. ಮೂರೇ ಪತ್ರಗಳಾದರೂ ಅವು ಆ ಕಾಲದ ಚರಿತ್ರೆಗೆ ಎಷ್ಟೋ ಕಡತಗಳು ಕೊಡಲಾರದ ಬೆಳಕನ್ನು ಕೊಟ್ಟಿವೆ.

ಆದುದರಿಂದ ಈ ಸೀಮೆಯ ಇತಿಹಾಸವನ್ನು ಬರೆಯಬಯಸುವ ತರುಣ ಅಭ್ಯಾಸಿಗಳು ಸರಕಾರಿ ದಫ್ತರದ ಆಚೆಗೂ ದೃಷ್ಟಿ ಹರಿಸಬೇಕಾಗಿದೆ. ಕುಮಟಾ, ಶಿರಸಿ, ಹುಬ್ಬಳ್ಳಿಗಳ ಹಳೆಯ ವರ್ತಕರ ಮನೆಗಳಲ್ಲಿ ಕೀರ್ದಿ ಪುಸ್ತಕಗಳೂ ಹುಂಡಿಗಳೂ ಉಳಿದಿದ್ದರೆ ಅವುಗಳ ಅಂಚಿನಲ್ಲಿ ಬರೆದ ಮನೆಯ ಮಾತುಗಳನ್ನು ಓದಬೇಕು. ಮೋಡಿ ಲಿಪಿಯ ಕಾಗದಗಳನ್ನು ಓದಬಲ್ಲವರು ವಿರಳರಾಗುತ್ತಿದ್ದಾರೆ. ಆ ಲಿಪಿಯನ್ನು ಕಲಿಯಬೇಕು. ಬರೆಯಲು ಬಾರದಿದ್ದವರ ಮಾತು ಬೀಸುವ ಕಲ್ಲಿನ ಪದಗಳಲ್ಲಿಯೂ ಹಂತಿಯ ಹಾಡುಗಳಲ್ಲಿಯೂ ಉಳಿದಿರುವುದುಂಟು. ಸಮೀಪಕಾಲದ ಕಾಗದಗಳನ್ನೂ ಉಪೇಕ್ಷಿಸಲಾಗದು. ಇದೇ ಮುಂಡಗೋಡ ತಾಲೂಕಿನಲ್ಲಿ ೧೯೬೬ರಿಂದ ನೆಲೆಸಿದ ಟಿಬೆಟಿನ ನಿರಾಶ್ರಿತರಿದ್ದಾರೆ. ಯುದ್ಧವೂ ಗಡಿಯೂ ಒಡೆದ ಕುಟುಂಬಗಳ ಪತ್ರಗಳಿಗೆ ಇತಿಹಾಸದಲ್ಲಿ ಎಂತಹ ಬೆಲೆಯೆಂಬುದು ಒಂದೂವರೆ ಶತಮಾನದ ಬಳಿಕ ಅರಿವಾಗುವುದಕ್ಕಿಂತ ಈಗಲೇ ಅರಿವಾಗುವುದು ಮೇಲು.

ಗ್ಯಾಸೆಟಿಯರಿನ ಲೆಕ್ಕವು ಸುಳ್ಳಲ್ಲ. ಅದು ಅರ್ಧ ಮಾತ್ರ. ಹತ್ತಿಯ ಧಾರಣೆ ಎಷ್ಟೆಂದು ಅದು ತಿಳಿಸುತ್ತದೆ; ಆ ಧಾರಣೆಯನ್ನು ಕೇಳಿ ಒಲೆಯ ಮುಂದೆ ಕುಳಿತ ತಾಯಿಯು ಏನೆಂದಳೆಂಬುದನ್ನು ತಿಳಿಸುವುದಿಲ್ಲ. ಸೇಂಟ್ ಹೆಲಿನಾ ದ್ವೀಪದ ಶಿಕ್ಷಕಿಯು ತನ್ನ ಮನೆಯವರಿಗೆಂದು ಬರೆದುದು ಇಂದು ಒಂದು ಜನಾಂಗದ ಸಾಕ್ಷ್ಯವಾಗಿದೆ. ಮಳಗಿಯ ದಾರಿಯಲ್ಲಿ ಅಂಡಿಗೆಯನ್ನು ಹೇರಿಕೊಂಡು ಘಟ್ಟ ಇಳಿದ ಗಾಡಿಕಾರನ ಮನೆಯಲ್ಲಿ ಅಂತಹ ಕಾಗದವನ್ನು ಬರೆಯುವವರಿರಲಿಲ್ಲ. ಶಾಲೆಯ ಇತಿಹಾಸವೂ ಇತಿಹಾಸದ ಆಧಾರಗಳ ಇತಿಹಾಸವೂ ಬೇರೆ ಬೇರೆಯಲ್ಲವೆಂಬ ಮಾತನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವ ನಿದರ್ಶನವು ದೊರೆಯಲಾರದು.